ಹೊಸದಾಗಿ ಕಟ್ಟಿದ ಟ್ರ್ಯಾಕ್ ಕಾರಿನ ಎಂಜಿನ್ನನ್ನು ಮೆಲ್ಲಗೆ ಪಳಗಿಸಬೇಕೆ, ಮೊದಲ ದಿನದಿಂದಲೇ ದುಡಿಸಬೇಕೆ?

ನೀವು ಕೇಳಿರುವುದು ಇಷ್ಟು: ಬೇರಿಂಗ್ (ತಿರುಗುವ ಕ್ರಾಂಕ್‌ಶಾಫ್ಟಿಗೆ ಆಸರೆಯಾಗುವ ಲೋಹದ ಭಾಗ) ಹೋಗಿ ನಿಂತಿದ್ದ ಟ್ರ್ಯಾಕ್ ಕಾರನ್ನು ಪೂರ್ತಿ ಬಿಚ್ಚಿ, ಬ್ಲಾಕಿಗೆ ಬೋರಿಂಗ್ ಮಾಡಿಸಿ (ಸಿಲಿಂಡರ್‌ಗಳನ್ನು ಕೊರೆದು ಅಗಲಗೊಳಿಸಿ), ಹೊಸ ಪಿಸ್ಟನ್, ಪಿಸ್ಟನ್ ಸುತ್ತಲಿನ ರಿಂಗ್ ಮತ್ತು ಬೇರಿಂಗ್‌ಗಳನ್ನು ಹಾಕಿ ಎಂಜಿನ್ನನ್ನು ಮತ್ತೆ ಕಟ್ಟಿದ್ದೀರಿ, ಇನ್ನೂ ಸ್ಟಾರ್ಟ್ ಮಾಡಿಲ್ಲ. 1,500 ಕಿಲೋಮೀಟರ್ ಮೆಲ್ಲಗೆ ಓಡಿಸಿ ಪಳಗಿಸಬೇಕೆಂದು ಕೆಲವರು, ಮೊದಲ ದಿನದಿಂದಲೇ ಪೂರ್ತಿ ಥ್ರಾಟಲ್ ಕೊಡಬೇಕೆಂದು ಇನ್ನು ಕೆಲವರು ಹೇಳುತ್ತಿರುವುದರಿಂದ ಯಾರ ಮಾತು ಹಿಡಿಯಬೇಕೆಂದು ನಿಮಗೆ ತಿಳಿಯದಾಗಿದೆ. ನನ್ನ ಕಾರಿನ ಎಂಜಿನ್ನನ್ನು ನಾನು ಎರಡು ಸಲ ಕಟ್ಟಿದ್ದೇನೆ. ಮೊದಲ ಸಲ ಕಟ್ಟಿದ್ದು ಉಳಿಯಲಿಲ್ಲ. ಆ ಅನುಭವದಿಂದ ಹೇಳುವುದಾದರೆ, ಹೊಸ ರಿಂಗ್‌ಗಳಿಗೆ ಲೋಡ್ (ಎಂಜಿನ್ ಎಳೆಯಬೇಕಾದ ಭಾರ) ಬೇಕು, ಹೆಚ್ಚಿನ ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಬೇಡ. ಹೊಸ ಬೇರಿಂಗ್‌ಗಳಿಗೆ ಮೊದಲ ಸುತ್ತಿನಿಂದಲೇ ಶುದ್ಧವಾದ ಆಯಿಲ್ ಬೇಕು. ಈ ಎರಡು ಅಗತ್ಯಗಳನ್ನು ಬೇರೆ ಬೇರೆಯಾಗಿ ನೋಡಿದರೆ, ನಿಮಗೆ ಸಿಕ್ಕಿರುವ ಎರಡು ಸಲಹೆಗಳಲ್ಲಿ ಯಾವುದು ಎಷ್ಟು ಸರಿ ಎಂಬುದು ತಾನಾಗಿ ಕಾಣುತ್ತದೆ.

ರಿಂಗ್‌ಗಳ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ತಪ್ಪು ತಿಳಿವಳಿಕೆ ಹೆಚ್ಚಿರುವುದು ಅಲ್ಲಿಯೇ. ಬೋರಿಂಗ್ ಆದ ಮೇಲೆ ಸಿಲಿಂಡರಿನ ಗೋಡೆಗೆ ಹೋನಿಂಗ್ ಮಾಡುತ್ತಾರೆ. ಅದರಿಂದ ಸುಮಾರು 45 ಡಿಗ್ರಿ ಕೋನದಲ್ಲಿ ಒಂದನ್ನೊಂದು ಅಡ್ಡಹಾಯುವ ಸಣ್ಣ ಗೀರುಗಳು ಗೋಡೆಯ ತುಂಬ ಮೂಡುತ್ತವೆ. ಗೀರುಗಳ ತಗ್ಗಿನಲ್ಲಿ ಆಯಿಲ್ ನಿಲ್ಲುತ್ತದೆ. ಅವುಗಳ ಉಬ್ಬುಗಳು ಅರದಂತೆ ಕೆಲಸ ಮಾಡಿ, ರಿಂಗಿನ ಮುಖವನ್ನು ಆ ಸಿಲಿಂಡರಿನ ಆಕಾರಕ್ಕೆ ಉಜ್ಜಿ ಹೊಂದಿಸುತ್ತವೆ. ರಿಂಗ್ ತನ್ನ ಸ್ವಂತ ಬಿಗುವಿನಿಂದ ಗೋಡೆಯನ್ನು ಒತ್ತುವುದು ಅಲ್ಪವೇ. ಇಂಧನ ಉರಿದಾಗ ಹುಟ್ಟುವ ಅನಿಲ ರಿಂಗಿನ ಮೇಲ್ಬದಿಯಿಂದ ಇಳಿದು, ಅದರ ಬೆನ್ನಿನ ಹಿಂದಿನ ಸಂದಿಗೆ ಸೇರಿ, ಅದನ್ನು ಹೊರಕ್ಕೆ ದೂಡಿದಾಗಲೇ ನಿಜವಾದ ಒತ್ತು ಬೀಳುತ್ತದೆ. ಥ್ರಾಟಲ್ ಹೆಚ್ಚು ತೆರೆದಷ್ಟೂ ಈ ಒತ್ತಡ ಹೆಚ್ಚುತ್ತದೆ; ಐಡಲ್‌ನಲ್ಲಿ, ಅಂದರೆ ಥ್ರಾಟಲ್ ಕೊಡದೆ ಎಂಜಿನ್ ಸುಮ್ಮನೆ ಓಡುತ್ತಿರುವಾಗ, ಅದು ತೀರ ಕಡಿಮೆ. ಹಾಗಾಗಿ ಹೊಸ ಎಂಜಿನ್ನನ್ನು ಅರ್ಧ ದಿನ ಐಡಲ್‌ನಲ್ಲಿ ಬಿಟ್ಟರೆ ರಿಂಗ್ ಕೂರುವುದಿಲ್ಲ, ಅಂದರೆ ಗೋಡೆಗೆ ಸರಿಯಾಗಿ ಹೊಂದಿಕೊಳ್ಳುವುದಿಲ್ಲ. ಸರಿಯಾಗಿ ಒರೆಸಲ್ಪಡದ ಆಯಿಲ್ ಗೋಡೆಯ ಮೇಲೆ ಬೆಂದು ವಾರ್ನಿಷಿನಂತೆ ಅಂಟಿ, ಗೀರುಗಳ ತಗ್ಗನ್ನು ಮುಚ್ಚಿಬಿಡುತ್ತದೆ. ಒಮ್ಮೆ ಗೋಡೆ ಹೀಗೆ ಗಾಜಿನಂತಾದರೆ ಆ ಎಂಜಿನ್ ಆಯಿಲ್ ಕುಡಿಯುತ್ತಲೇ ಇರುತ್ತದೆ. ಮತ್ತೆ ಬಿಚ್ಚಿ ಹೋನಿಂಗ್ ಮಾಡಿಸಿ ಹೊಸ ರಿಂಗ್ ಹಾಕದೆ ಬೇರೆ ದಾರಿ ಉಳಿಯುವುದು ಅಪರೂಪ.

ಪೂರ್ತಿ ಥ್ರಾಟಲ್ ಕೊಡಿ ಎನ್ನುವವರ ಮಾತಿನಲ್ಲಿ ಇಷ್ಟರ ಮಟ್ಟಿಗೆ ಹುರುಳಿದೆ. ಆದರೆ ಅವರು ಲೋಡನ್ನೂ ಆರ್‌ಪಿಎಂ ಅನ್ನೂ ಒಂದೇ ಎಂದು ಭಾವಿಸುತ್ತಾರೆ. ಪಿಸ್ಟನ್ ಮೇಲೆ ಕೆಳಗೆ ಓಡಿ ದಿಕ್ಕು ಬದಲಿಸುವಾಗ ಕನೆಕ್ಟಿಂಗ್ ರಾಡಿನ ಮೇಲೆ ಬೀಳುವ ಎಳೆತ ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಏರುತ್ತದೆ. 3,500ರಲ್ಲಿ ಇದ್ದದ್ದು 7,000ದಲ್ಲಿ ನಾಲ್ಕು ಪಟ್ಟಾಗುತ್ತದೆ. ಇನ್ನೂ ಒರಟಾಗಿರುವ ರಿಂಗ್ ಮತ್ತು ಪಿಸ್ಟನ್ ಆ ವೇಗದಲ್ಲಿ ಹುಟ್ಟಿಸುವ ಶಾಖವೂ ಹೆಚ್ಚು. ಮೆಲ್ಲಗೆ ಓಡಿಸಿ ಎನ್ನುವವರಾದರೋ ಹೊಸ ಕಾರಿನ ಕೈಪಿಡಿಯ ಮಾತನ್ನು ಹೇಳುತ್ತಿದ್ದಾರೆ. ಆ ಕೈಪಿಡಿ ಎಂಜಿನ್ ಒಂದಕ್ಕೇ ಬರೆದದ್ದಲ್ಲ. ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಬ್ರೇಕ್, ಟೈರ್ ಎಲ್ಲವನ್ನೂ ಒಟ್ಟಿಗೆ ನೆನಪಿಟ್ಟು, ಯಾರು ಬೇಕಾದರೂ ಓಡಿಸಬಹುದಾದ ಕಾರಿಗೆ ಬರೆದದ್ದು. ನಿಮ್ಮ ಎಂಜಿನ್ನಿಗೆ ಬೇಕಾಗಿರುವುದು ಮಧ್ಯಮ ಆರ್‌ಪಿಎಂನಲ್ಲಿ ಗಟ್ಟಿಯಾದ ಲೋಡ್, ಅದೂ ಬಿಟ್ಟು ಬಿಟ್ಟು.

ಇನ್ನು ನನ್ನ ಮೊದಲ ಎಂಜಿನ್ ಏಕೆ ಉಳಿಯಲಿಲ್ಲ ಎಂಬುದನ್ನು ಹೇಳಲೇಬೇಕು, ಏಕೆಂದರೆ ನಿಮ್ಮ ಹಳೆಯ ಎಂಜಿನ್ ಹೋದದ್ದೂ ಬೇರಿಂಗಿನಿಂದಲೇ. ಬ್ಲಾಕನ್ನು ತೊಳೆದಿದ್ದೆ, ಕ್ರಾಂಕ್‌ಶಾಫ್ಟನ್ನು ಪಾಲಿಷ್ ಮಾಡಿಸಿದ್ದೆ, ಪ್ರತಿಯೊಂದು ಬೋಲ್ಟನ್ನೂ ಟಾರ್ಕ್ ವ್ರೆಂಚಿನಿಂದಲೇ ಬಿಗಿದಿದ್ದೆ. ಆದರೆ ಹಳೆಯ ಆಯಿಲ್ ಕೂಲರನ್ನು ಸಾಲ್ವೆಂಟ್ ಹಾಕಿ ಕುಲುಕಿ, ಹೊರಬಂದದ್ದು ತಿಳಿಯಾಗಿದೆ ಎಂದು ತೃಪ್ತಿಪಟ್ಟು ಮತ್ತೆ ಅದನ್ನೇ ಕೂರಿಸಿದೆ. ಬೇರಿಂಗ್ ಒಡೆದಾಗ ಉದುರುವ ಲೋಹದ ಪುಡಿ ಕೂಲರಿನ ಸಣ್ಣ ಕೊಳವೆಗಳ ಒಳಗೆ ಸಿಕ್ಕಿಕೊಂಡಿರುತ್ತದೆ. ತಣ್ಣಗಿರುವಾಗ ಎಷ್ಟು ತೊಳೆದರೂ ಬಾರದ್ದು, ಬಿಸಿ ಆಯಿಲ್ ಒತ್ತಡದಿಂದ ಹರಿಯತೊಡಗಿದಾಗ ಬಿಟ್ಟುಕೊಂಡು ಹೊರಡುತ್ತದೆ. ನನ್ನ ಕಾರಿನಲ್ಲಿ ಕೂಲರಿನ ಪೈಪ್ ಫಿಲ್ಟರ್ ದಾಟಿದ ಮೇಲೆ ಇತ್ತು, ಆದ್ದರಿಂದ ಆ ಪುಡಿ ನೇರವಾಗಿ ಹೊಸ ಬೇರಿಂಗ್‌ಗಳಿಗೆ ಹೋಯಿತು. ಎರಡನೆಯ ಟ್ರ್ಯಾಕ್ ದಿನ ಎಂಜಿನ್ ಬಡಿಯಲಾರಂಭಿಸಿತು. ದಯವಿಟ್ಟು ಕೂಲರನ್ನು ಬದಲಿಸಿ. ಅದರ ಪೈಪ್‌ಗಳನ್ನೂ, ಆಯಿಲ್ ಥರ್ಮೋಸ್ಟಾಟ್ ಇದ್ದರೆ ಅದನ್ನೂ ಬದಲಿಸಿ. ಇದು ಹಣ ಉಳಿಸುವ ಜಾಗವಲ್ಲ.

ಬ್ಲಾಕಿನ ವಿಷಯದಲ್ಲಿಯೂ ಒಂದು ಮಾತು. ಹೋನಿಂಗ್ ಕಲ್ಲಿನ ಪುಡಿ ಸಾಲ್ವೆಂಟಿಗೆ ಸರಿಯಾಗಿ ಬಿಡುವುದಿಲ್ಲ. ಬಿಸಿನೀರು, ಸೋಪು ಮತ್ತು ಬ್ರಷ್ ಹಾಕಿ ಉಜ್ಜಿ ತೊಳೆದು, ಒಣಗಿಸಿ, ತುಕ್ಕು ಹಿಡಿಯುವ ಮುನ್ನ ಕೂಡಲೇ ಆಯಿಲ್ ಸವರಬೇಕು. ಆಯಿಲ್ ಹಚ್ಚಿದ ಬಿಳಿ ಬಟ್ಟೆಯಿಂದ ಗೋಡೆಯನ್ನು ಒರೆಸಿದಾಗ ಬಟ್ಟೆ ಬೂದುಬಣ್ಣಕ್ಕೆ ತಿರುಗಿದರೆ ಇನ್ನೂ ತೊಳೆಯುವುದಿದೆ ಎಂದು ಅರ್ಥ. ನೀವು ಈಗಾಗಲೇ ಕಟ್ಟಿ ಮುಗಿಸಿರುವುದರಿಂದ ಅಳತೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀವು ಬರೆದಿಟ್ಟುಕೊಂಡ ಅಂಕಿಗಳನ್ನು ಒಮ್ಮೆ ತೆಗೆದು ನೋಡಿ: 50 ಮಿಲಿಮೀಟರ್ ಜರ್ನಲಿಗೆ (ಬೇರಿಂಗಿನೊಳಗೆ ತಿರುಗುವ ಶಾಫ್ಟಿನ ಭಾಗಕ್ಕೆ) ಬೇರಿಂಗಿನ ಸಂದಿ 0.05 ಮಿಲಿಮೀಟರಿನ ಆಸುಪಾಸಿನಲ್ಲಿಯೂ, ಟರ್ಬೊ ಇಲ್ಲದ 86 ಮಿಲಿಮೀಟರ್ ಬೋರಿಗೆ ಮೇಲಿನ ರಿಂಗಿನ ತುದಿಗಳ ನಡುವಿನ ಅಂತರ 0.35 ಮಿಲಿಮೀಟರಿನ ಆಸುಪಾಸಿನಲ್ಲಿಯೂ ಇರುವುದು ವಾಡಿಕೆ. ನಿಮ್ಮ ಎಂಜಿನ್ನಿನ ಅಥವಾ ಪಿಸ್ಟನ್ ತಯಾರಕರ ಕೈಪಿಡಿ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಪಾಲಿಸಬೇಕು. ರಿಂಗಿನ ಅಂತರವನ್ನು ಅಳೆಯದೆ ಹಾಕಿದ್ದರೆ ಮಾತ್ರ, ಬೇಸರವಾದರೂ ಮತ್ತೆ ಬಿಚ್ಚಿ ಅಳೆಯಿರಿ. ಬಿಸಿಗೆ ಹಿಗ್ಗಿದ ರಿಂಗಿನ ತುದಿಗಳು ಒಂದಕ್ಕೊಂದು ತಾಗಿದರೆ ಪಿಸ್ಟನ್ನೇ ಒಡೆಯುತ್ತದೆ.

ಸ್ಟಾರ್ಟ್ ಮಾಡುವ ದಿನ ಆತುರ ಬೇಡ. ಘರ್ಷಣೆ ತಗ್ಗಿಸುವ ವಿಶೇಷ ರಾಸಾಯನಿಕಗಳನ್ನು ಬೆರೆಸದ, ಪಳಗಿಸುವುದಕ್ಕೆಂದೇ ತಯಾರಿಸಿದ ಮಿನರಲ್ ಆಯಿಲ್ ತುಂಬಿಸಿ, ಫಿಲ್ಟರಿಗೂ ಆಯಿಲ್ ಹಾಕಿ. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಇಂಧನ ಮತ್ತು ಇಗ್ನಿಷನ್ ಎರಡನ್ನೂ ಕಡಿತಗೊಳಿಸಿ, ಗೇಜ್‌ನಲ್ಲಿ ಆಯಿಲ್ ಒತ್ತಡ ಕಾಣುವ ತನಕ ಸ್ಟಾರ್ಟರ್ ಮೋಟಾರಿನಿಂದ ಬಿಟ್ಟು ಬಿಟ್ಟು ತಿರುಗಿಸಿ. ಪ್ಲಗ್ ಇಲ್ಲದಿರುವಾಗ ಕಂಪ್ರೆಷನ್ ಇರುವುದಿಲ್ಲವಾದ್ದರಿಂದ ಬೇರಿಂಗ್‌ಗಳ ಮೇಲೆ ಒತ್ತಡ ಬೀಳದೆ ಎಲ್ಲ ಕಡೆಗೂ ಆಯಿಲ್ ತಲುಪುತ್ತದೆ. ಕೂಲಿಂಗ್ ವ್ಯವಸ್ಥೆಯಲ್ಲಿ ಗಾಳಿ ಉಳಿಯದಂತೆ ನೋಡಿಕೊಳ್ಳಿ. ಸಿಲಿಂಡರ್ ಹೆಡ್ಡಿನಲ್ಲಿ ಗಾಳಿಯ ಗುಳ್ಳೆ ನಿಂತರೆ ತಾಪಮಾನದ ಗೇಜ್ ಸರಿಯಾಗಿ ತೋರಿಸುತ್ತಿರುವಾಗಲೇ ಹೆಡ್ ಸುಡುತ್ತಿರಬಹುದು. ಇಂಧನದ ಮಿಶ್ರಣವೂ ಸರಿಯಿರಬೇಕು. ಅತಿಯಾಗಿ ಪೆಟ್ರೋಲ್ ಸುರಿಯುವ ಮ್ಯಾಪ್ (ಎಷ್ಟು ಇಂಧನ ಕೊಡಬೇಕೆಂದು ಎಂಜಿನ್ ಕಂಪ್ಯೂಟರಿಗೆ ಹೇಳುವ ಪಟ್ಟಿ) ಇದ್ದರೆ ಅದು ಗೋಡೆಯ ಆಯಿಲನ್ನು ತೊಳೆದುಹಾಕಿ, ಮೊದಲ ಅರ್ಧ ಗಂಟೆಯಲ್ಲಿಯೇ ರಿಂಗ್‌ಗಳನ್ನು ಹಾಳುಮಾಡುತ್ತದೆ.

ಎಂಜಿನ್ ಸ್ಟಾರ್ಟ್ ಆದ ಕೂಡಲೇ ಐಡಲ್‌ಗೆ ಬಿಡದೆ 2,000 ಆರ್‌ಪಿಎಂ ಆಚೀಚೆ ಹಿಡಿದಿರಿ. ಆಯಿಲ್ ಒತ್ತಡ ಕೆಲವೇ ಸೆಕೆಂಡುಗಳಲ್ಲಿ ಏರದಿದ್ದರೆ ತಕ್ಷಣ ಆರಿಸಿ. ನಿಮ್ಮದು ರೋಲರ್ ಇಲ್ಲದ, ಚಪ್ಪಟೆ ಟ್ಯಾಪೆಟ್ಟಿನ ಪುಶ್‌ರಾಡ್ ಎಂಜಿನ್ ಆಗಿದ್ದರೆ ನಿಯಮ ಸ್ವಲ್ಪ ಬೇರೆ: ಅಂತಹ ಎಂಜಿನ್ನಿನಲ್ಲಿ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿಗೆ ಆಯಿಲ್ ಸಿಗುವುದು ಬಹುಪಾಲು ಕ್ರಾಂಕ್‌ಶಾಫ್ಟ್ ಎರಚುವುದರಿಂದಲೇ ಆದ್ದರಿಂದ, 2,000 ಮತ್ತು 2,500ರ ನಡುವೆ ಏರಿಳಿಸುತ್ತ 20 ನಿಮಿಷ ಓಡಿಸಲೇಬೇಕು, ಮತ್ತು ಆಯಿಲಿನಲ್ಲಿ ಜಿಂಕ್ ಸಾಕಷ್ಟಿರಬೇಕು. ಉಳಿದ ಎಂಜಿನ್‌ಗಳಿಗೆ ಅಷ್ಟು ಹೊತ್ತು ಬೇಡ. ಸೋರಿಕೆ ನೋಡಿ, ಟೈಮಿಂಗ್ ಲೈಟ್ ಹಿಡಿದು ಇಗ್ನಿಷನ್ ಪರೀಕ್ಷಿಸಿ, ಆಯಿಲ್ 80 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಬಿಸಿಯಾಗಲು ಬಿಡಿ. ನೀರು ಬೇಗ ಬಿಸಿಯಾಗುತ್ತದೆ, ಆಯಿಲ್ ತಡವಾಗಿ. ನೀರಿನ ಗೇಜ್ ನೋಡಿ ಲೋಡ್ ಕೊಡಬೇಡಿ. ಬಳಿಕ ಆರಿಸಿ, ತಣ್ಣಗಾಗಲು ಬಿಟ್ಟು, ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಬದಲಿಸಿ. ಅರ್ಧ ಗಂಟೆಗೇ ಆಯಿಲ್ ಚೆಲ್ಲುವುದು ದಂಡವೆನಿಸಬಹುದು; ಆದರೆ ಕಟ್ಟುವಾಗ ಹಚ್ಚಿದ ಗ್ರೀಸ್, ಗ್ಯಾಸ್ಕೆಟ್ಟಿನ ತುಣುಕು, ರಿಂಗಿನಿಂದ ಸವೆದ ಪುಡಿ ಎಲ್ಲವೂ ಆ ಮೊದಲ ಆಯಿಲಿನಲ್ಲಿಯೇ ಇರುತ್ತವೆ. ಫಿಲ್ಟರನ್ನು ಕತ್ತರಿಸಿ, ಒಳಗಿನ ಕಾಗದವನ್ನು ಬಿಡಿಸಿ ಬೆಳಕಿನಲ್ಲಿ ನೋಡಿ. ಬೆರಳಿಗೆ ನುಣ್ಣಗೆ ಹತ್ತುವ ಬೂದು ಪುಡಿಗೆ ಹೆದರಬೇಕಾಗಿಲ್ಲ. ಉಗುರಿಗೆ ಸಿಗುವಷ್ಟು ದೊಡ್ಡ ಚಕ್ಕೆ ಕಂಡರೆ ಆಯಸ್ಕಾಂತ ಹಿಡಿಯಿರಿ: ಅಂಟಿದರೆ ಕಬ್ಬಿಣ ಅಥವಾ ಉಕ್ಕು, ಅಂಟದೆ ತಾಮ್ರದಂತೆಯೋ ಬೆಳ್ಳಿಯಂತೆಯೋ ಹೊಳೆದರೆ ಬೇರಿಂಗಿನ ಮೇಲೆ ಅನುಮಾನ ಪಡಬೇಕು.

ಈಗ ರಿಂಗ್ ಕೂರಿಸುವ ಕೆಲಸ. ಸಾಧ್ಯವಿದ್ದರೆ ಡೈನೊ (ನಿಂತಲ್ಲೇ ಲೋಡ್ ಕೊಟ್ಟು ಎಂಜಿನ್ನಿನ ಶಕ್ತಿ ಅಳೆಯುವ ಯಂತ್ರ) ಮೇಲೆ ಮಾಡಿಸಿ. ಗಾಳಿ ಮತ್ತು ಇಂಧನದ ಅನುಪಾತವನ್ನೂ ಎಂಜಿನ್ನಿನ ಸದ್ದನ್ನೂ ಗಮನಿಸಲು ಅಲ್ಲಿ ಬಿಡುವಿರುತ್ತದೆ. ಡೈನೊ ಸಿಗದಿದ್ದರೆ ಖಾಲಿ ಇರುವ ಟ್ರ್ಯಾಕ್ ಸಾಕು. ನಾಲ್ಕನೆಯ ಗೇರಿನಲ್ಲಿ 2,500ರಿಂದ ಆರಂಭಿಸಿ ಅರ್ಧ ಥ್ರಾಟಲ್‌ನಲ್ಲಿ 4,500ರವರೆಗೆ ಎಳೆಯಿರಿ. ಅಲ್ಲಿ ಥ್ರಾಟಲನ್ನು ಪೂರ್ತಿ ಬಿಟ್ಟು, ಗೇರಿನಲ್ಲಿಯೇ ಇದ್ದು, ಎಂಜಿನ್ ಬ್ರೇಕಿಂಗ್‌ನಿಂದ ಮತ್ತೆ 2,500ಕ್ಕೆ ಇಳಿಯಲು ಬಿಡಿ. ಥ್ರಾಟಲ್ ಮುಚ್ಚಿದಾಗ ಸಿಲಿಂಡರಿನಲ್ಲಿ ಉಂಟಾಗುವ ನಿರ್ವಾತ ಸ್ವಲ್ಪ ಆಯಿಲನ್ನು ಮೇಲೆಳೆದು ರಿಂಗ್‌ಗಳನ್ನು ತೊಳೆಯುತ್ತದೆ, ತಂಪೂ ಮಾಡುತ್ತದೆ. ಇಳಿಯುವ ಭಾಗ ಏರುವ ಭಾಗದಷ್ಟೇ ಮುಖ್ಯ. ಹೀಗೆ ಎಂಟು ಹತ್ತು ಸಲ ಆದ ಮೇಲೆ ಮುಕ್ಕಾಲು ಥ್ರಾಟಲ್‌ನಲ್ಲಿ 5,500ರವರೆಗೆ, ಅನಂತರ ಚಿಕ್ಕ ಚಿಕ್ಕ ಎಳೆತಗಳಲ್ಲಿ ಪೂರ್ತಿ ಥ್ರಾಟಲ್ ಕೊಡಿ. 7,000 ಆರ್‌ಪಿಎಂ ಮಿತಿಯ ಎಂಜಿನ್ನನ್ನು ಮನಸ್ಸಿನಲ್ಲಿಟ್ಟು ಈ ಅಂಕಿಗಳನ್ನು ಹೇಳಿದ್ದೇನೆ. ನಿಮ್ಮದಕ್ಕೆ ತಕ್ಕಂತೆ ಇಳಿಸಿಕೊಳ್ಳಿ. ಒಂದೇ ಆರ್‌ಪಿಎಂನಲ್ಲಿ ಬಹಳ ಹೊತ್ತು ಓಡಿಸಬೇಡಿ. ಹೋನಿಂಗ್ ಚೆನ್ನಾಗಿದ್ದರೆ ರಿಂಗ್‌ಗಳು ಬಹುಪಾಲು ಮೊದಲ ಒಂದೆರಡು ಗಂಟೆಯ ಲೋಡಿನಲ್ಲಿಯೇ ಕೂರುತ್ತವೆ. ಕೂತಿವೆಯೋ ಇಲ್ಲವೋ ಎಂಬುದನ್ನು ಲೀಕ್‌ಡೌನ್ ಪರೀಕ್ಷೆಯಿಂದ (ಸಿಲಿಂಡರಿಗೆ ಒತ್ತಡದ ಗಾಳಿ ಕೊಟ್ಟು ಎಷ್ಟು ಸೋರುತ್ತದೆಂದು ಅಳೆಯುವುದು) ತಿಳಿಯಬಹುದು: ಬಿಸಿ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿನ ಸೋರಿಕೆಯೂ ಶೇಕಡಾ 10ಕ್ಕಿಂತ ಕಡಿಮೆಯಿದ್ದು, ಅವುಗಳ ನಡುವೆ ಹೆಚ್ಚು ವ್ಯತ್ಯಾಸವಿಲ್ಲದಿದ್ದರೆ ನನಗೆ ಸಮಾಧಾನ.

ಕಾರಿನ ಉಳಿದ ಭಾಗಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಎಚ್ಚರಿಕೆ. ಹೊಸ ಬ್ರೇಕ್ ಪ್ಯಾಡ್‌ಗಳನ್ನು ಪಳಗಿಸಲು ಹೆಚ್ಚಿನ ವೇಗದಿಂದ ಮತ್ತೆ ಮತ್ತೆ ಗಟ್ಟಿಯಾಗಿ ಬ್ರೇಕ್ ಹಾಕಬೇಕಾಗುತ್ತದೆ. ಅದನ್ನು ಎಂಜಿನ್ನಿನ ಮೊದಲ ಗಂಟೆಯೊಂದಿಗೆ ಬೆರೆಸಬೇಡಿ, ಆಗ ಗಮನ ಎರಡೂ ಕಡೆ ಹಂಚಿಹೋಗುತ್ತದೆ. ಚಕ್ರದ ನಟ್‌ಗಳನ್ನೂ ಸಸ್ಪೆನ್ಷನ್ ಬೋಲ್ಟ್‌ಗಳನ್ನೂ ಮೊದಲ ಓಟದ ನಂತರ ಮತ್ತೊಮ್ಮೆ ಟಾರ್ಕ್ ವ್ರೆಂಚಿನಿಂದ ಪರೀಕ್ಷಿಸಿ.

ಇದೆಲ್ಲಕ್ಕಿಂತ ನಾನು ಹೆಚ್ಚು ಚಿಂತಿಸುವುದು ಬೇರೊಂದನ್ನು ಕುರಿತು: ನಿಮ್ಮ ಹಳೆಯ ಬೇರಿಂಗ್ ಏಕೆ ಹೋಯಿತೆಂದು ನೀವು ಬರೆದಿಲ್ಲ. ಹಿಡಿತ ಹೆಚ್ಚಿರುವ ಟೈರ್ ಹಾಕಿ ಉದ್ದನೆಯ ತಿರುವಿನಲ್ಲಿ ಹೋಗುವಾಗ ಸಂಪಿನ (ಎಂಜಿನ್ನಿನ ತಳದಲ್ಲಿರುವ ಆಯಿಲ್ ತೊಟ್ಟಿಯ) ಆಯಿಲ್ ಒಂದು ಬದಿಗೆ ಸರಿದು, ಪಂಪು ಗಾಳಿಯನ್ನು ಹೀರುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿರುವ ರಾಡ್ ಬೇರಿಂಗ್ ಹಾಳಾಗಲು ಕೆಲವು ಸೆಕೆಂಡು ಸಾಕು. ಕಾರಣ ಇದೇ ಆಗಿದ್ದು ಹಳೆಯ ಸಂಪನ್ನೇ ಮತ್ತೆ ಹಾಕಿದ್ದರೆ, ಎಷ್ಟು ಶ್ರದ್ಧೆಯಿಂದ ಪಳಗಿಸಿದ ಎಂಜಿನ್ನೂ ಅದೇ ತಿರುವಿನಲ್ಲಿ ಹೋಗುತ್ತದೆ. ಆಯಿಲನ್ನು ತಡೆದು ನಿಲ್ಲಿಸುವ ಬ್ಯಾಫಲ್ ಇರುವ ಸಂಪ್ ಹಾಕಿಸಿ, ಒತ್ತಡ ಇಳಿದ ಕೂಡಲೇ ಕಣ್ಣಿಗೆ ರಾಚುವಂತಹ ದೊಡ್ಡ ಎಚ್ಚರಿಕೆ ದೀಪ ಕೂರಿಸಿ. ಪ್ರತಿ 1,000 ಆರ್‌ಪಿಎಂಗೆ ಸುಮಾರು 0.7 ಬಾರ್ ಎಂಬುದು ಹಳೆಯ ಲೆಕ್ಕ; ಬಿಸಿ ಆಯಿಲಿನಲ್ಲಿ 6,000ಕ್ಕೆ 4 ಬಾರಿನಷ್ಟು ಕಂಡರೆ ಸರಿ. ಮೊದಲ ಟ್ರ್ಯಾಕ್ ದಿನ ಐದಾರು ಸುತ್ತಿಗೊಮ್ಮೆ ಒಳಗೆ ಬಂದು ಆಯಿಲ್ ಮಟ್ಟ ನೋಡಿ ಬರೆದಿಡಿ, ಆ ಸಂಜೆ ತೆಗೆದ ಫಿಲ್ಟರನ್ನೂ ಕತ್ತರಿಸಿ ನೋಡಿ. ಅದು ಶುದ್ಧವಾಗಿದ್ದು ಆಯಿಲ್ ಖರ್ಚಾಗುವುದು ನಿಂತಿದ್ದರೆ ಮಿನರಲ್ ಬಿಟ್ಟು ನಿಮ್ಮ ಮಾಮೂಲಿ ಸಿಂಥೆಟಿಕ್ ಆಯಿಲ್ ತುಂಬಿಸಬಹುದು. ಎಂಜಿನ್ ಯಾವುದು, ಕ್ಯಾಮ್ ಯಾವ ಬಗೆಯದು, ಹಳೆಯ ಬೇರಿಂಗ್‌ಗಳಲ್ಲಿ ಯಾವ ಸಿಲಿಂಡರಿನದು ಮೊದಲು ಹೋಗಿತ್ತು ಎಂಬುದನ್ನು ತಿಳಿಸಿದರೆ ಸಂಪಿನ ವಿಷಯದಲ್ಲಿ ಇನ್ನಷ್ಟು ಖಚಿತವಾಗಿ ಬರೆಯುತ್ತೇನೆ.