ಹೋಗಲು 3 ಗಂಟೆ, ಬರಲು ಒಂದೇ ಗಂಟೆ: ಓಲಾಂಡ್ ಫೆರಿ ಟಿಕೆಟ್

ಸ್ವೀಡನ್‌ನಿಂದ ಓಲಾಂಡ್‌ಗೆ (ಸ್ವೀಡನ್, ಫಿನ್ಲೆಂಡ್ ನಡುವಿನ ಫಿನ್ಲೆಂಡ್‌ನ ದ್ವೀಪಗಳು) ಹೋಗುವ ಟಿಕೆಟ್‌ನಲ್ಲಿ ಸಮಯ ಹೀಗೆ ಕಂಡರೂ ಟಿಕೆಟ್ ಸರಿಯಾಗೇ ಇದೆ. ಓಲಾಂಡ್‌ನಲ್ಲಿ ಫಿನ್ಲೆಂಡ್ ಸಮಯ, ಸ್ವೀಡನ್‌ಗಿಂತ 1 ಗಂಟೆ ಮುಂದು. ಸ್ವೀಡನ್‌ನ ಗ್ರಿಸ್ಲೆಹಾಮ್ನ್ ಬಂದರಿನಿಂದ ಓಲಾಂಡ್‌ನ ಎಕೆರೊಗೆ ಪ್ರಯಾಣ ಎರಡೂ ಕಡೆ ಸುಮಾರು 2 ಗಂಟೆಯೇ.

ಹಡಗು ಹತ್ತಿದ ಕೂಡಲೇ ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ. ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡಿದರೆ ಬಿಲ್ ಕೈ ಸುಡುತ್ತೆ. ಆಮೇಲೆ ಗಡಿಯಾರ ನೀವೇ 1 ಗಂಟೆ ಮುಂದಿಡಿ. ವಾಪಸ್ ಫೆರಿ ತಪ್ಪೋದು ಇಲ್ಲೇ: ಸ್ವೀಡನ್ ಸಮಯ ನೋಡ್ಕೊಂಡು ಬಂದರಿಗೆ ಬರುವಷ್ಟರಲ್ಲಿ ಹಡಗು ಹೊರಟಿರುತ್ತೆ.

ಷೆಂಗೆನ್ (ಒಂದೇ ವೀಸಾದ ಯುರೋಪ್ ದೇಶಗಳ ವಲಯ) ಒಳಗೇ ಆದರೂ ಪಾಸ್‌ಪೋರ್ಟ್, ರೆಸಿಡೆನ್ಸ್ ಕಾರ್ಡ್ ಜೊತೆಗಿರಲಿ. ಗಾಳಿ ಹೇಗಿರುತ್ತೋ ಮೊದಲೇ ಹೇಳೋಕಾಗಲ್ಲ. ಹಡಗು ತೂಗಿದರೆ ಕೆಳಗಿನ ಡೆಕ್‌ನಲ್ಲಿ ನಡುಮಧ್ಯೆ ಕೂರಿ.

ಹುಟ್ಟುಹಬ್ಬ ಆಚರಿಸೋಕೆ ಹೋಗ್ತಿದ್ದರೆ ಕೇಕ್ ಹೊತ್ತುಕೊಂಡು ಹೋಗಬೇಡಿ, ಓಲಾಂಡ್ ಪ್ಯಾನ್‌ಕೇಕ್ ತಿನ್ನಿ: ಹಾಲಲ್ಲಿ ಬೇಯಿಸಿದ ರವೆ ಅಥವಾ ಅಕ್ಕಿ ಗಂಜಿಗೆ ಏಲಕ್ಕಿ ಹಾಕಿ ಓವನ್‌ನಲ್ಲಿ ಸುಟ್ಟದ್ದು, ಮೇಲೆ ಪ್ರೂನ್ (ಒಣಗಿಸಿದ ಪ್ಲಮ್) ಸಾಸ್, ಕೆನೆ. ಮೊಟ್ಟೆ ಇರುತ್ತೆ, ಸಸ್ಯಾಹಾರಿಯಾದರೆ ನೆನಪಿರಲಿ.