ರೇಡಿಯೋ ದೂರದರ್ಶಕದ ಡಿಶ್‌ಗೆ ತಂತಿಜಾಲರಿ ಸಾಕು, ಬೆಳಕಿನ ದೂರದರ್ಶಕಕ್ಕೆ ಮಾತ್ರ ಅಷ್ಟು ನುಣುಪಾದ ಕನ್ನಡಿ ಯಾಕೆ ಬೇಕು?

ಎರಡಕ್ಕೂ ನಿಯಮ ಒಂದೇ, ಬದಲಾಗುವುದು ತರಂಗಾಂತರ. ಮೇಲ್ಮೈ ನುಣುಪೋ ಒರಟೋ ಅನ್ನುವುದನ್ನು ಬಂದು ಬಡಿಯುವ ಅಲೆಯ ಉದ್ದಕ್ಕೆ ಹೋಲಿಸಿ ನೋಡಬೇಕು.

ಕನ್ನಡಿಯ ಒಂದು ಕಡೆ ಸಣ್ಣ ತಗ್ಗಿದೆ ಅಂದುಕೊಳ್ಳಿ. ಅಲೆ ಅದರೊಳಕ್ಕೆ ಇಳಿದು ಮತ್ತೆ ಹತ್ತಿ ಬರಬೇಕು, ಹಾಗಾಗಿ ದಾರಿಯ ವ್ಯತ್ಯಾಸ ತಗ್ಗಿನ ಆಳದ ಎರಡರಷ್ಟು. ಅಲೆಗಳೆಲ್ಲ ಬಂದು ಸೇರುವ ನಾಭಿಬಿಂದುವಿನಲ್ಲಿ ಅದು ಅಕ್ಕಪಕ್ಕದ ಅಲೆಗಳ ಜೊತೆ ಹೆಜ್ಜೆ ತಪ್ಪುತ್ತದೆ, ಸಂಕೇತ ದುರ್ಬಲವಾಗುತ್ತದೆ. ಆಂಟೆನಾ ವಿನ್ಯಾಸಕರು ಈ ನಷ್ಟವನ್ನು ರೂಜ್ ಸಮೀಕರಣದಿಂದ ಲೆಕ್ಕ ಹಾಕುತ್ತಾರೆ: ಮೇಲ್ಮೈಯ ಸರಾಸರಿ ಏರುಪೇರು ತರಂಗಾಂತರದ 20ನೇ ಒಂದು ಪಾಲಿದ್ದರೂ ಗೇನ್‌ನ (ಡಿಶ್ ಸಂಕೇತವನ್ನು ಒಟ್ಟುಗೂಡಿಸಿ ಬಲಪಡಿಸುವ ಪ್ರಮಾಣ) ಸುಮಾರು ಮೂರನೇ ಒಂದು ಭಾಗ ಹೋಗಿಬಿಡುತ್ತದೆ. ಬಾಹ್ಯಾಕಾಶದ ಹೈಡ್ರೋಜನ್ ಸೂಸುವ 21 ಸೆಂ.ಮೀ. ರೇಡಿಯೋ ಅಲೆಗೆ ಆ ಪಾಲು ಸುಮಾರು ಒಂದು ಸೆಂಟಿಮೀಟರ್. 500 ನ್ಯಾನೋಮೀಟರ್ ಬೆಳಕಿಗೆ ಬರೀ 25 ನ್ಯಾನೋಮೀಟರ್!

ತೂತುಗಳ ಕಥೆಯೂ ಅದೇ. ತರಂಗಾಂತರಕ್ಕಿಂತ ತುಂಬಾ ಚಿಕ್ಕದಿದ್ದರೆ ಅಲೆಯ ಬಹುಪಾಲು ಪ್ರತಿಫಲಿಸುತ್ತದೆ. ಪುಣೆ ಬಳಿಯ ರೇಡಿಯೋ ದೂರದರ್ಶಕ ಜಿಎಂಆರ್‌ಟಿಯ 45 ಮೀಟರ್ ಡಿಶ್‌ಗಳಲ್ಲಿ ಜಾಲರಿಯ ಕಣ್ಣು 10ರಿಂದ 20 ಮಿ.ಮೀ. ಗಾಳಿ ಸಲೀಸಾಗಿ ತೂರಿ ಹೋಗುವುದರಿಂದ ಅಷ್ಟು ದೊಡ್ಡ ಡಿಶ್ಶನ್ನು ಹಗುರ ಚೌಕಟ್ಟಿನಲ್ಲೇ ನಿಲ್ಲಿಸಲು ಆಯಿತು. ನನಗೆ ಬಹಳ ಇಷ್ಟವಾದ ವಿನ್ಯಾಸ ಅದು.

ಬೆಳಕಿನಲ್ಲಿ ಈ ಸಲಿಗೆ ಇಲ್ಲ. ಬಾಹ್ಯಾಕಾಶ ದೂರದರ್ಶಕ ಹಬಲ್‌ನ 2.4 ಮೀಟರ್ ಕನ್ನಡಿ ನುಣುಪಾಗಿಯೇ ಇತ್ತು, ಆದರೆ ಅಂಚು ಸುಮಾರು 2.2 ಮೈಕ್ರೋಮೀಟರ್ ಹೆಚ್ಚು ಚಪ್ಪಟೆಯಾಗಿತ್ತು. ಪರೀಕ್ಷಾ ಉಪಕರಣದ ಒಂದು ಮಸೂರ 1.3 ಮಿ.ಮೀ. ಜಾಗ ತಪ್ಪಿ ಕೂತಿದ್ದೇ ಕಾರಣ. 1990ರಲ್ಲಿ ಬಂದ ಚಿತ್ರಗಳು ಮಸುಕು. 1993ರಲ್ಲಿ ಗಗನಯಾತ್ರಿಗಳು ಹೋಗಿ ಆ ದೋಷ ತಿದ್ದುವ ಉಪಕರಣಗಳನ್ನು ಜೋಡಿಸಬೇಕಾಯಿತು.