ಮಾಂಗಾ: ಎಲ್ಲಿಂದ ಶುರು ಮಾಡಬೇಕು, ಹೇಗೆ ಓದಬೇಕು?

ಪ್ರಶ್ನೆ: ಶೋನೆನ್, ಶೋಜೊ, ಸೇನೆನ್, ಜೋಸೆ ಎಂದು ಮಾಂಗಾದಲ್ಲಿ, ಅಂದರೆ ಜಪಾನಿನ ಚಿತ್ರಕತೆಗಳಲ್ಲಿ, ನಾಲ್ಕು ವಿಧ ಎನ್ನುತ್ತಾರೆ. ನನಗೆ ನಲವತ್ತು ದಾಟಿದೆ, ಹೊಡೆದಾಟದ ಕತೆ ಒಗ್ಗುವುದಿಲ್ಲ. ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ: ಆ ಹೆಸರುಗಳಿಂದ ಕತೆ ಎಂಥದ್ದೆಂದು ತಿಳಿಯುವುದಿಲ್ಲ. ಮಾಂಗಾ ಮೊದಲು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತದೆ. ಆ ಪತ್ರಿಕೆ ಹುಡುಗರದೋ (ಶೋನೆನ್) ಹುಡುಗಿಯರದೋ (ಶೋಜೊ), ಗಂಡಸರದೋ (ಸೇನೆನ್) ಹೆಂಗಸರದೋ (ಜೋಸೆ) ಎಂಬುದಷ್ಟೇ ಆ ಹಣೆಪಟ್ಟಿಯ ಅರ್ಥ. ವೈಕಿಂಗರ ಕತೆ ‘ವಿನ್‌ಲ್ಯಾಂಡ್ ಸಾಗಾ’ 2005ರಲ್ಲಿ ಹುಡುಗರ ವಾರಪತ್ರಿಕೆಯಲ್ಲಿ ಶುರುವಾಗಿ, ಅದೇ ವರ್ಷ ದೊಡ್ಡವರ ಮಾಸಪತ್ರಿಕೆಗೆ ಹೋಯಿತು. ಕತೆ ಅದೇ, ಹಣೆಪಟ್ಟಿ ಮಾತ್ರ ಬೇರೆ. ಹಿರೋಶಿಮಾದ ಬಾಂಬಿನಿಂದ ಬದುಕುಳಿದ ಕೇಜಿ ನಕಾಜಾವಾ ಅವರ ‘ಬೇರ್‌ಫುಟ್ ಗೆನ್’ 1973ರಲ್ಲಿ ಮೊದಲು ಅಚ್ಚಾದದ್ದೂ ಹುಡುಗರ ವಾರಪತ್ರಿಕೆಯಲ್ಲೇ. ಹಣೆಪಟ್ಟಿ ನೋಡಿ ಬಿಟ್ಟುಬಿಟ್ಟಿದ್ದರೆ ಇಂಥ ಕೃತಿ ಕೈತಪ್ಪಿಹೋಗುತ್ತಿತ್ತು.

ನಿಮಗೆ ರುಚಿಸುವ ವಸ್ತು ಯಾವುದೋ ಅದರಿಂದ ಶುರು ಮಾಡಿ. ಪತ್ತೇದಾರಿ ಇಷ್ಟವಾದರೆ ನಾವೊಕಿ ಉರಸಾವಾ ಅವರ ‘ಮಾನ್‌ಸ್ಟರ್’: ತಾನು ಬದುಕಿಸಿದ ಹುಡುಗನೇ ಕೊಲೆಗಾರನೆಂದು ತಿಳಿದ ಶಸ್ತ್ರವೈದ್ಯನೊಬ್ಬ ಅವನ ಬೆನ್ನು ಹತ್ತುತ್ತಾನೆ. 18 ಸಂಪುಟ, ಎಲ್ಲೂ ಜಾಳಾಗುವುದಿಲ್ಲ. ಇತಿಹಾಸಕ್ಕೆ ರಿಯೊಕೊ ಇಕೆದಾ ಅವರ ‘ದಿ ರೋಸ್ ಆಫ್ ವರ್ಸೇಲ್ಸ್’. ಫ್ರಾನ್ಸಿನ ಕ್ರಾಂತಿಯನ್ನು ಹುಡುಗಿಯರ ಪತ್ರಿಕೆಗೆ ತಂದ ಕೃತಿ. ಭಯ ಬೇಕಿದ್ದರೆ ಜುಂಜಿ ಇಟೊ ಅವರ ‘ಉಜುಮಾಕಿ’. ಮನಸ್ಸು ಹಗುರಾಗಬೇಕಿದ್ದರೆ ‘ಯೊತ್ಸುಬಾ’, ಪುಟ್ಟ ಹುಡುಗಿಯೊಬ್ಬಳ ದಿನದಿನದ ಬೆರಗು; ನಡುವಿನ ಯಾವ ಅಧ್ಯಾಯ ತೆರೆದರೂ ನಡೆಯುತ್ತದೆ.

ಮೊದಲ ಓದಿಗೆ ಮುಗಿದಿರುವ, ಚಿಕ್ಕ ಸರಣಿಯೇ ಲೇಸು. 1997ರಲ್ಲಿ ಆರಂಭವಾಗಿ ನೂರು ಸಂಪುಟ ದಾಟಿದ ‘ಒನ್ ಪೀಸ್’ಗೆ ಕೈಹಾಕಿ ದಣಿದು ಬಿಡುವವರು ಬಹಳ. ‘ಎ ಸೈಲೆಂಟ್ ವಾಯ್ಸ್’ ಏಳೇ ಸಂಪುಟ. ವಾರಪತ್ರಿಕೆಯ ಒಂದು ಕಂತು ಸುಮಾರು 20 ಪುಟ. ಅಂಥ ಒಂಬತ್ತು ಹತ್ತು ಕಂತು ಸೇರಿ ಒಂದು ಸಂಪುಟ. ಓದುಗರ ಮತ ನೋಡಿ ಕತೆಯನ್ನು ಮುಂದುವರಿಸುವ ಇಲ್ಲವೇ ನಿಲ್ಲಿಸುವ ವಾರಪತ್ರಿಕೆಗಳಿರುವುದರಿಂದ ಮೊದಲ ಕಂತುಗಳಲ್ಲಿ ಕತೆ ಇನ್ನೂ ದಾರಿ ಹುಡುಕುತ್ತಿರುವುದುಂಟು. ಎರಡು ಸಂಪುಟ ಓದಿ ಆಮೇಲೆ ತೀರ್ಮಾನಿಸಿ.

ಪ್ರಶ್ನೆ: ಮಾಂಗಾವನ್ನು ಓದಬೇಕಾದಂತೆ ಬಲದಿಂದ ಎಡಕ್ಕೇ ಓದುತ್ತಿದ್ದೇನೆ. ಆದರೂ ಉತ್ತರ ಮೊದಲು, ಪ್ರಶ್ನೆ ಆಮೇಲೆ ಬಂದಂತಾಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಪುಟದಲ್ಲಿ ಚಿತ್ರದ ಎತ್ತರದ ಚೌಕವೊಂದರ ಪಕ್ಕದಲ್ಲಿ ಎರಡು ಚಿಕ್ಕ ಚೌಕಗಳು ಒಂದರ ಕೆಳಗೊಂದು ಇರುವ ಕಡೆ ತಪ್ಪುತ್ತಿರಬಹುದು. ಎತ್ತರದ್ದು ಬಲಕ್ಕಿದ್ದರೆ ಅದನ್ನು ಮೊದಲು ಓದಿ, ಎಡಗಡೆಯ ಎರಡನ್ನೂ ಮೇಲಿನಿಂದ ಕೆಳಕ್ಕೆ ಮುಗಿಸಿ. ಎತ್ತರದ್ದು ಎಡಕ್ಕಿದ್ದರೆ ಬಲಗಡೆಯ ಎರಡೂ ಮುಗಿದ ಮೇಲೆಯೇ ಅದರ ಸರದಿ. ಇಲ್ಲಿ ಅವಸರಪಟ್ಟು ಮೇಲಿನ ಚೌಕದಿಂದ ನೇರ ಎಡಕ್ಕೆ ಹಾರಿದರೆ ಒಂದು ಮಾತು ಹಿಂದುಳಿಯುತ್ತದೆ.

ಚೌಕಗಳ ನಡುವಿನ ಬಿಳಿ ಜಾಗ ನೋಡುವ ಅಭ್ಯಾಸ ಮಾಡಿಕೊಳ್ಳಿ. ಪುಟದ ಬಲ ಅಂಚಿನಿಂದ ಎಡ ಅಂಚಿನವರೆಗೆ ತಡೆಯಿಲ್ಲದೆ ಹೋಗುವ ಅಡ್ಡ ಬಿಳಿ ಪಟ್ಟಿಯೇ ಸಾಲಿನ ಕೊನೆ. ಹೆಚ್ಚಿನ ಚಿತ್ರಕಾರರು ಅದನ್ನು ಅಗಲವಾಗಿಯೂ, ಪಕ್ಕಪಕ್ಕದ ಚೌಕಗಳ ನಡುವಿನ ಸಂದನ್ನು ಕಿರಿದಾಗಿಯೂ ಬಿಡುತ್ತಾರೆ. ಒಂದು ಪಟ್ಟಿಯಿಂದ ಇನ್ನೊಂದರವರೆಗೆ ಇರುವುದನ್ನೆಲ್ಲ ಮುಗಿಸಿಯೇ ಕೆಳಗಿಳಿಯಿರಿ. ಚೌಕದ ಒಳಗೂ ಬಲ ಮೇಲ್ತುದಿಯ ಮಾತಿನ ಗುಳ್ಳೆಯೇ ಮೊದಲು. ಸಂದುಗಳು ಕಪ್ಪಾಗಿದ್ದರೆ ಬಹುಮಟ್ಟಿಗೆ ಅದು ಹಳೆಯ ನೆನಪಿನ ಭಾಗ.

ಇಷ್ಟಾಗಿಯೂ ಕ್ರಮ ಕೂಡದಿದ್ದರೆ ನಿಮ್ಮದು ಹಳೆಯ ಇಂಗ್ಲಿಷ್ ಮುದ್ರಣವೇ ನೋಡಿ. ಆಗ ಪುಟಗಳನ್ನು ಕನ್ನಡಿಯ ಬಿಂಬದಂತೆ ತಿರುಗಿಸಿ ಅಚ್ಚು ಹಾಕುತ್ತಿದ್ದರು. ಅವನ್ನು ಎಡದಿಂದಲೇ ಓದಬೇಕು. ಬಲಗೈಯವರೆಲ್ಲ ಎಡಗೈಯವರಾಗಿ ಕಾಣುವುದೇ ಗುರುತು.

ಪ್ರಶ್ನೆ: ‘ಶೋನೆನ್’ ಎಂದಿದ್ದರೆ ಹತ್ತು ವರ್ಷದ ಮಗನಿಗೆ ಧೈರ್ಯವಾಗಿ ಕೊಡಬಹುದೇ?

ಉತ್ತರ: ಬೇಡ. ‘ಡೆತ್ ನೋಟ್’ ಕೂಡ ಶೋನೆನ್ ಪತ್ರಿಕೆಯದೇ, ಅದರ ತುಂಬ ಕೊಲೆಗಳು. ಇಂಗ್ಲಿಷ್ ಆವೃತ್ತಿಗಳಲ್ಲಿ ಸಾಮಾನ್ಯವಾಗಿ ವಯಸ್ಸಿನ ಸೂಚನೆ ಅಚ್ಚಾಗಿರುತ್ತದೆ. ಎಲ್ಲ ವಯಸ್ಸಿನವರಿಗೆ ಎಂದಿರುವುದನ್ನೇ ಆರಿಸಿ. ಮೊದಲ ಸಂಪುಟವನ್ನು ನೀವೇ ಓದಿ ಕೊಡಿ, ಒಂದು ಗಂಟೆ ಸಾಕು.